ಕಾಕನಿ ಹೇಳದ ಹನ್ನೊಂದು ವಾಕ್ಯ

ಫೆಬ್ರವರಿ 8, 1999, ಸೋಮವಾರ
ಸ್ಟರ್ಲಿಂಗ್ ಹೈಟ್ಸ್, ಡೆಟ್ರಾಯಿಟ್ ಹತ್ತಿರ

"ಮನೇಲಿ ಫ್ರೀಯಾಗೇ ಇರ್ತಾಳೆ." ನನ್ನ ಗಂಡ ಮನೋಹರ್ ಫೋನಿನಲ್ಲಿ ನನ್ನ ಬಗ್ಗೆ ಹೇಳಿದ ಮಾತು ಇದು. ಹಿಂದಿಯಲ್ಲಿ ಹೇಳಿದ, ಆದರೆ ಅಷ್ಟೂ ಅರ್ಥವಾಗದವಳಲ್ಲ ನಾನು. ಮಗುವಿಗೆ ಹತ್ತು ವಾರ. ರಾತ್ರಿ ನಲವತ್ತು ನಿಮಿಷಕ್ಕೊಮ್ಮೆ ಏಳುತ್ತದೆ. ಕಳೆದ ಮೂರು ರಾತ್ರಿಯ ನಿದ್ದೆ ಕೂಡಿಸಿದರೂ ಒಂದು ರಾತ್ರಿಯದಾಗುವುದಿಲ್ಲ. ನಿನ್ನೆ ಬಟ್ಟೆ ಒಗೆಯುವ ಮಿಷನ್ನಿನ ಮೇಲೆ ತಲೆಯಿಟ್ಟು ನಿಂತೇ ನಿದ್ದೆಹೋಗಿದ್ದೆ. ಫ್ರೀ ಅಂತೆ.

ಆ ಕಡೆ ಇದ್ದವರು ಶಿಕಾಗೋ ಹತ್ತಿರದ ಶಾಮ್‌ಬರ್ಗಿನ ದ್ವಾರಕಾನಾಥ ಅಂಕಲ್. ಈ ಕಡೆಯ ಕಾಶ್ಮೀರಿಗಳ ಸಂಘದಲ್ಲಿ ಅವರು ಹೇಳಿದ್ದೇ ಕೊನೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕಾಶ್ಮೀರಿ ಕಲಿಸುವುದಕ್ಕೆ ಒಂದು ವ್ಯಾಕರಣ ಪುಸ್ತಕ, ಜೊತೆಗೆ ಕ್ಯಾಸೆಟ್ಟುಗಳನ್ನು ತರುತ್ತಾರಂತೆ. ನಾನೂರು ವಾಕ್ಯ ಹಿಂದಿಯಲ್ಲಿ ಟೈಪು ಮಾಡಿಸಿದ್ದಾರೆ. ಊರಿನಿಂದ ಬಂದ ಹಿರಿಯರೊಬ್ಬರು ಒಂದೊಂದನ್ನೂ ಕಾಶ್ಮೀರಿಯಲ್ಲಿ ಹೇಳಬೇಕು. ಇನ್ನೊಬ್ಬರು ಅದನ್ನು ರೆಕಾರ್ಡ್ ಮಾಡಿ, ಬರೆದುಕೊಂಡು, ಕ್ರಿಯಾಪದ ವಿಭಕ್ತಿ ಎಲ್ಲ ಬಿಡಿಸಿ ಪಟ್ಟಿ ಮಾಡಬೇಕು.

ಹಿರಿಯರು ನಮ್ಮ ಮನೆಯಲ್ಲೇ ಇದ್ದಾರೆ, ನನ್ನ ಅತ್ತೆ. ಎಲ್ಲರೂ ಅವರನ್ನು ಕಾಕನಿ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಬಾಣಂತನಕ್ಕೆಂದು ನವೆಂಬರಿನಲ್ಲಿ ಜಮ್ಮುವಿನಿಂದ, ಮಗಳ ಮನೆಯಿಂದ ಬಂದರು. ವೀಸಾ ಪ್ರಕಾರ ಮೇ ಹನ್ನೆರಡಕ್ಕೆ ವಿಮಾನ ಹತ್ತಲೇಬೇಕು. ಬರೆದುಕೊಳ್ಳುವವಳು ನಾನು. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡುವಾಗ ನನಗೆ ಭಾಷಾವಿಜ್ಞಾನ ಒಂದು ಪೇಪರ್ ಇತ್ತು ಅಂತ ಮನೋಹರ್ ಯಾವುದೋ ಪಾರ್ಟಿಯಲ್ಲಿ ಹೇಳಿಕೊಂಡು ಬಂದಿದ್ದಾನೆ.

"ನಿನ್ ಭಾಷೆ ತಾನೇ, ನೀನೇ ಮಾಡು" ಅಂದೆ.

"ಪ್ಲಾಂಟಲ್ಲಿ ಹೊಸ ಮಾಡೆಲ್ ಲಾಂಚ್ ಇದೆ ಛಾಯಾ. ಮತ್ತೆ ನಂಗೆ ಗ್ರಾಮರ್ ಎಲ್ಲಿ ಬರತ್ತೆ? ಮಾತಾಡಕ್ಕೆ ಬರತ್ತೆ ಅಷ್ಟೇ."

"ಮಗಳ ಹತ್ರ ಮಾತಾಡಿದ್ದು ನಾನಂತೂ ನೋಡಿಲ್ಲ."

ಇಂಜಿನಿಯರಿಂಗ್ ಓದಲು ಮೈಸೂರಿಗೆ ಬಂದವನು ಹಾಸ್ಟೆಲ್ ಹುಡುಗರಿಂದ ಕನ್ನಡ ಕಲಿತ. ನನ್ನ ಜೊತೆ ಕನ್ನಡ, ಅಮ್ಮನ ಜೊತೆ ಕಾಶ್ಮೀರಿ, ಮಗು ತಾನ್ಯಾ ಜೊತೆ ಮಾತ್ರ ಇಂಗ್ಲಿಷು.

ಇನ್ನು ಕಾಕನಿ. ಹೀಟರನ್ನು ಎಂಬತ್ತು ಫ್ಯಾರನ್‌ಹೀಟಿಗೆ ಏರಿಸಿ ಮನೆಯನ್ನು ಬೇಕರಿ ಮಾಡಿದ್ದಾರೆ. ಮಗುವಿನ ಕಾಲನ್ನು ಬಟ್ಟೆಯಲ್ಲಿ ಕೋಲಿನ ಹಾಗೆ ಬಿಗಿಯುತ್ತಾರೆ. ನಾನು ಹುಳಿ ತಿನ್ನುವುದರಿಂದಲೇ ಹಾಲು ನೀರಾಗಿ ಮಗು ಅಳುತ್ತದಂತೆ. ಇಂಥವರೆದುರು ನಾನೂರು ವಾಕ್ಯ ಹಿಡಿದು ಕೂರಬೇಕು.

ಫೆಬ್ರವರಿ 11, ಗುರುವಾರ

ಮೊದಲ ಬೈಠಕ್. ಬೆಳಗ್ಗೆ ಹತ್ತಕ್ಕೆ ಮಗು ಮಲಗಿದ ಮೇಲೆ ಊಟದ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟೆ. ಕಾಕನಿ ಮೆಂತ್ಯ ಸೊಪ್ಪಿನ ಕಟ್ಟು ತಂದು ಬಿಡಿಸುತ್ತಾ ಕೂತರು. ಸುಮ್ಮನೆ ಕೂತು ಮಾತಾಡುವುದು ಅವರಿಗೆ ಗೊತ್ತಿಲ್ಲ.

ನಮ್ಮಿಬ್ಬರ ನಡುವೆ ಇರುವುದು ಹಿಂದಿ. ಅವರದು ಅವರ ಹಳ್ಳಿಯ ಹಿಂದಿ, ನನ್ನದು ಮೈಸೂರಿನದು. ಎರಡೂ ಸೇರಿದರೂ ಒಂದು ಪೂರ್ತಿ ಹಿಂದಿಯಾಗುವುದಿಲ್ಲ. ಅವರು ಹೇಳಿದ್ದನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.

"ರಾಮು ಸೇಬು ತಿಂದ. ಇದನ್ನ ಕಾಶ್ಮೀರೀಲಿ ಹೇಳಿ."

"ಯಾವ ರಾಮು?"

"ಯಾರೋ ಒಬ್ಬ."

"ಯಾರೋ ಒಬ್ಬನ ಸುದ್ದಿ ನಮಗ್ಯಾಕೆ? ಯಾವ ಸೇಬು, ಅಂಬ್ರಿನಾ?"

"ಯಾವ್ದಾದ್ರೂ ಆಗ್ಲಿ ಕಾಕನಿ, ತಿಂದ ಅಂತ ಹೇಳಿ."

"ತಿಂದಿದಾನೋ ಇಲ್ವೋ ನೋಡ್ದೋರ್ಯಾರು?"

'ನನ್ನ ತಂದೆ ಡಾಕ್ಟರು' ಅನ್ನುವ ವಾಕ್ಯಕ್ಕೆ ಸೊಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. ಅವರ ತಂದೆ ಡಾಕ್ಟರಲ್ಲ, ಅಕ್ರೋಟು ಮರಗಳಿದ್ದವು, ಸುಳ್ಳು ಯಾಕೆ ಹೇಳಬೇಕು. ಕೊನೆಗೆ 'ನನ್ನ ತಂದೆಗೆ ಒಂಬತ್ತು ಅಕ್ರೋಟು ಮರ ಇದ್ದವು' ಅಂತ ಟೇಪಿಗೆ ಹೇಳಿದರು. ಒಂದೂವರೆ ಗಂಟೆಯಲ್ಲಿ ಒಂಬತ್ತು ವಾಕ್ಯ. ನನಗೆ ಅಳು ಬರುವುದೊಂದು ಬಾಕಿ.

ಮಾತಿಗೊಮ್ಮೆ ನನ್ನನ್ನು "ಕೂರಿ" ಅನ್ನುತ್ತಾರೆ. ಬಂದ ಹೊಸತರಲ್ಲಿ ಕೂತುಕೋ ಅನ್ನುತ್ತಿದ್ದಾರೆ ಅಂತ ಕುರ್ಚಿ ಹುಡುಕುತ್ತಿದ್ದೆ. ಮಗಳೇ ಅಂತ ಅರ್ಥ ಅಂತೆ. ಮಗಳೇ ಅಂದುಬಿಟ್ಟರೆ ಸಾಕೇ.

ಫೆಬ್ರವರಿ 19, ಶುಕ್ರವಾರ

ಮೊನ್ನೆ ಏಳನೇ ಹಾಳೆ. ಭೂತಕಾಲ. ವ್ಯಾಕರಣ ಬರೆಯುವವರಿಗೆ ಯಾಕೋ ಹೊಡೆಯುವುದು, ಕೊಲ್ಲುವುದು ಇಲ್ಲದೆ ಕೈ ಓಡುವುದಿಲ್ಲ. ಅವನನ್ನು ಕೊಂದರು. ನಮ್ಮನ್ನು ಕೊಂದರು. ಮನೆ ಸುಟ್ಟುಹೋಯಿತು. ಅವಳ ಗಂಡ ಸತ್ತುಹೋದ.

ಕಾಕನಿ ಬಾಯಿ ಬಿಡಲಿಲ್ಲ. ನಾನು ಇನ್ನೊಮ್ಮೆ ಓದಿದೆ. ಟೇಪು ತಿರುಗುತ್ತಿದೆ, ಅವರು ಮೂಲಂಗಿ ತುರಿಯುತ್ತಿದ್ದಾರೆ.

"ಗೊತ್ತಿಲ್ವಾ?"

"ಮುಂದಿನದು ಕೇಳು."

ಮುಂದಿನದನ್ನು ಕೇಳಿದರೆ ನೀರು ಹರಿದ ಹಾಗೆ ಹೇಳುತ್ತಾರೆ. ಮತ್ತೆ ಅಂಥದ್ದೇ ಬಂದರೆ ಬಾಯಿಗೆ ಬೀಗ. ಇವತ್ತು ಹನ್ನೆರಡನೇ ಹಾಳೆಯಲ್ಲೂ ಹೀಗೇ ಆಯಿತು: ಮಗು ನದಿಯಲ್ಲಿ ಬಿತ್ತು, ಅವರು ಇನ್ನು ಬರುವುದಿಲ್ಲ. ಇಲ್ಲಿಯವರೆಗೆ ಒಟ್ಟು ಹನ್ನೊಂದು ಕಡೆ ಖಾಲಿ. ರಾತ್ರಿಯೆಲ್ಲ ಎದ್ದಿದ್ದು, ಬೆಳಗ್ಗೆ ಮಗು ಮಲಗಿದ ಆ ಒಂದು ಗಂಟೆಯನ್ನೂ ಇವರಿಗೆ ಒಪ್ಪಿಸಿದರೆ, ಇವರು ನನ್ನೆದುರು ಮೂಲಂಗಿ ತುರಿಯುತ್ತಾರೆ. ನನ್ನ ಮೇಲಿನ ಸಿಟ್ಟನ್ನು ಹೀಗೆ ತೀರಿಸುತ್ತಿದ್ದಾರೋ ಏನೋ. ಮಧ್ಯಾಹ್ನ ಬೇಕೆಂದೇ ಹುಳಿ ಮಾಡಿ ಎರಡು ಸಲ ಬಡಿಸಿಕೊಂಡೆ.

ಫೆಬ್ರವರಿ 24

ನಿದ್ದೆಯಿಲ್ಲ. ಬೆಳಗ್ಗೆ ಮಗುವಿನ ಉಸಿರು ನಿಂತ ಹಾಗೆ ಕಂಡು ಕೆನ್ನೆ ತಟ್ಟಿ ಎಬ್ಬಿಸಿದೆ. ಚೆನ್ನಾಗಿಯೇ ಇತ್ತು. ಆಮೇಲೆ ಎರಡು ಗಂಟೆ ಅತ್ತಿತು. ನಾನೂ.

ಮಾರ್ಚ್ 5, ಶುಕ್ರವಾರ

ಅಂತೂ ಮುಗಿಯಿತು. ಹದಿನಾಲ್ಕು ಕ್ಯಾಸೆಟ್ಟು, ಎಂಬತ್ತಾರು ಪುಟ. ಕನ್ನಡ ಲಿಪಿಯಲ್ಲಿ ನನ್ನದೇ ಚುಕ್ಕೆ ಗೆರೆ ಹಾಕಿಕೊಂಡು ಬರೆದಿದ್ದನ್ನು ಸಂಘದವರಿಗಾಗಿ ದೇವನಾಗರಿಗೆ ಇಳಿಸಿ ಪೋಸ್ಟ್ ಮಾಡಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು, ಭಾಷೆ ವಿಚಿತ್ರವಾಗಿ ಚೆನ್ನಾಗಿದೆ. ನಮ್ಮ ಹಾಗೆ ಕ್ರಿಯಾಪದ ಕೊನೆಯವರೆಗೆ ಕಾಯುವುದಿಲ್ಲ, ಸಾಲಿನಲ್ಲಿ ಎರಡನೇ ಜಾಗಕ್ಕೇ ನುಗ್ಗುತ್ತದೆ. ದೂರದಲ್ಲಿ ಕಣ್ಣಿಗೆ ಕಾಣುವ 'ಅದು' ಬೇರೆ, ಕಾಣದ 'ಅದು' ಬೇರೆ. ಎಂ.ಎ.ನಲ್ಲಿ ಇಂಥದ್ದನ್ನೆಲ್ಲ ಪರೀಕ್ಷೆಗೆ ಉರು ಹೊಡೆದಿದ್ದೆ. ಮೂಲಂಗಿ ತುರಿಯುವವರ ಬಾಯಿಂದ ಕೇಳಿರಲಿಲ್ಲ.

ಹನ್ನೊಂದು ಖಾಲಿ ಜಾಗದಲ್ಲಿ 'ಉತ್ತರ ಬಂದಿಲ್ಲ' ಅಂತ ಬರೆದೆ.

ಮಾರ್ಚ್ 15, ಸೋಮವಾರ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ನಿನ್ನೆ ದ್ವಾರಕಾನಾಥ ಅಂಕಲ್ ಮನೆಯಲ್ಲಿ ಪುಸ್ತಕದ ಮೀಟಿಂಗ್. ಹಿಮದಲ್ಲಿ ಐದೂವರೆ ಗಂಟೆ ಡ್ರೈವ್, ಹಿಂದಿನ ಸೀಟಿನಲ್ಲಿ ಮಗು, ಪಕ್ಕದಲ್ಲಿ ಕಾಕನಿ. ಅವರು ಪೆಟ್ಟಿಗೆಯಿಂದ ಒಳ್ಳೆಯ ಶಾಲು ತೆಗೆದು ಹೊದ್ದಿದ್ದರು. ಶಾಮ್‌ಬರ್ಗ್ ಎಕ್ಸಿಟ್ ಬಂದಾಗ ಕಾರಿನ ಕಿಟಕಿಯಲ್ಲಿ ಮುಖ ನೋಡಿಕೊಂಡು ಕೂದಲು ಸರಿ ಮಾಡಿಕೊಂಡರು. ಅವರ ಧ್ವನಿಯನ್ನು ಎಲ್ಲರೂ ಕೂತು ಕೇಳುತ್ತಾರೆ ಅಂತ ಮನೋಹರ್ ಹೇಳಿದ್ದ.

ಕೇಳಿದರು, ಒಂದೈದು ನಿಮಿಷ. ಆಮೇಲೆ ಅಂಕಲ್ ನನ್ನ ಹಾಳೆ ಎತ್ತಿ ಹಿಡಿದು, "ಬೇಟಿ, ಕೆಲಸ ನೀಟಾಗಿದೆ. ಆದ್ರೆ ಇದೇನು ಹಲ್ಲು ಬಿದ್ದ ಹಾಗೆ, ಮಧ್ಯ ಮಧ್ಯ ಖಾಲಿ?" ಅಂದರು. ಕೆಲವರು ನಕ್ಕರು.

ಹತ್ತಿರದ ಲೈಲ್ ಊರಿನಿಂದ ಬಂದಿದ್ದ ಶಾರಿಕಾ ಆಂಟಿ ನನ್ನ ಪಕ್ಕದಲ್ಲಿದ್ದರು. ಶ್ರೀನಗರದಲ್ಲಿ ಕಾಲೇಜು ಮೇಡಂ ಆಗಿದ್ದವರು. ಮಗುವನ್ನು ಆಗಷ್ಟೇ ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಇಷ್ಟೇ ತಾನೇ, ಕೊಡಿ" ಅಂದು ಮೈಕನ್ನು ಹತ್ತಿರ ಎಳೆದುಕೊಂಡರು. ಮನೆ ಸುಟ್ಟುಹೋಯಿತು ಅಂದರು. ಧ್ವನಿ ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಅಂದರು. ಮತ್ತೊಮ್ಮೆ. ಆಮೇಲೆ, ಮಗು ನದಿಯಲ್ಲಿ.

ಆ ವಾಕ್ಯ ಮುಗಿಯಲು ನಾನು ಬಿಡಲಿಲ್ಲ. ಯೋಚನೆ ಮಾಡಿ ಮಾಡಿದ್ದಲ್ಲ. ನನ್ನ ಕೈ ಹೋಗಿ ಮಗುವನ್ನು ಅವರ ತೊಡೆಯಿಂದ ಕಿತ್ತುಕೊಂಡಿತ್ತು. ತಾನ್ಯಾ ಕಿರುಚಿದಳು. ಶಾರಿಕಾ ಆಂಟಿ ಬೆಪ್ಪಾಗಿ ನೋಡಿದರು. "ಹಾಲಿನ ಹೊತ್ತಾಯ್ತು" ಅಂತ ಸುಳ್ಳು ಹೇಳಿ ಎದ್ದೆ. ಏಳುವಾಗ ಕಾಕನಿಯನ್ನು ನೋಡಿದೆ. ಅವರು ಆಗಲೇ ಮಗುವಿಗೆ ಅಂತ ಎರಡೂ ಕೈ ಚಾಚಿದ್ದರು.

ಒಳಗೆ ಹಾಲು ಕುಡಿಸುತ್ತಿದ್ದಾಗ ಹಾಲ್‌ನ ಮಾತು ಕೇಳಿಸುತ್ತಿತ್ತು. ಹಳ್ಳಿ ಹೆಂಗಸರಿಗೆ ಪೂರ್ತಿ ಗ್ರಾಮರ್ ಬರುವುದಿಲ್ಲ, ತಪ್ಪಲ್ಲ ಬಿಡಿ, ಒಂದೇ ಧ್ವನಿ ಇದ್ದರೆ ಒಳ್ಳೆಯದು, ನಾನೂರನ್ನೂ ಶಾರಿಕಾ ಹೇಳಲಿ. ಕಾಕನಿಗೆ ಕೇಳುವ ಹಾಗೆಯೇ, ಅವರ ಭಾಷೆಯಲ್ಲಿಯೇ ಮಾತಾಡಿದರು. ಅವರ ಮಗ ಅಲ್ಲೇ ಕೂತು ಸಮೋಸ ತಿನ್ನುತ್ತಿದ್ದ.

ವಾಪಸು ಬರುವಾಗ ಕಾಕನಿ ಶಾಲನ್ನು ಮಡಿಸಿ ಚೀಲದಲ್ಲಿ ಇಟ್ಟುಬಿಟ್ಟಿದ್ದರು.

ನಮ್ಮಜ್ಜಿ ಯಾವತ್ತೂ ದೀಪ ಆರಿಸು ಅಂದವಳಲ್ಲ, ದೊಡ್ಡದು ಮಾಡು ಅನ್ನುತ್ತಿದ್ದಳು. ಅಕ್ಕಿ ಮುಗಿದರೆ ತುಂಬಿದೆ ಅನ್ನುತ್ತಿದ್ದಳು. ಯಾರಾದರೂ ಹೋಗ್ತೀನಿ ಅಂದರೆ ಬಾಗಿಲಲ್ಲೇ ತಡೆದು, ಹೋಗಿ ಬರ್ತೀನಿ ಅನ್ನು ಅಂತ ಗದರುತ್ತಿದ್ದಳು. ಹಾಗೆ ಬೆಳೆದ ನಾನು, ಈ ಹೆಂಗಸಿನ ಮುಖದೆದುರು 'ಅವಳ ಗಂಡ ಸತ್ತುಹೋದ' ಅಂತ ಹೇಳಿ ಎಂದು ಎರಡೆರಡು ಸಲ ಓದಿದ್ದೆ. 'ಉತ್ತರ ಬಂದಿಲ್ಲ' ಅಂತ ಬೇರೆ ಬರೆದೆ.

ಮಾರ್ಚ್ 16, ಮಂಗಳವಾರ

"ನಿಂಗೆ ಗೊತ್ತಿತ್ತಾ?" ಅಂತ ಮನೋಹರನನ್ನು ಕೇಳಿದೆ.

"ಏನು?"

"ಅವರು ಯಾಕೆ ಹೇಳಲ್ಲ ಅಂತ."

ಶೂ ಲೇಸ್ ಕಟ್ಟುತ್ತಾ ತಲೆ ಎತ್ತದೆ ಹೇಳಿದ. ತೊಂಬತ್ತರಲ್ಲಿ ಊರು ಬಿಟ್ಟು ಓಡಿಬಂದು ಸೇರಿದ್ದ ಜಮ್ಮುವಿನ ಒಂದು ಕೋಣೆಯಲ್ಲಿ, ಎರಡನೇ ಬೇಸಿಗೆಗೆ ಅಪ್ಪ ತೀರಿಕೊಂಡರು. ಕಾಕನಿ ಇವತ್ತಿನವರೆಗೂ ಆ ಪದ ಹೇಳಿಲ್ಲ. ಅವರು ಮುಂದೆ ಹೋಗಿದ್ದಾರೆ ಅನ್ನುತ್ತಾರೆ. ಊರಿನ ಮನೆ ಹೋಯಿತೆಂದು ಯಾರೋ ಫೋಟೋ ತೋರಿಸಿದರು. ಆಮೇಲೂ ಪ್ರತಿ ಚಳಿಗಾಲ, ಅಲ್ಲಿ ಮಾಡಿನ ಮೇಲೆ ಹಿಮ ಬಿದ್ದಿರುತ್ತದೆ ಅನ್ನುತ್ತಾರೆ.

"ನಂಗೆ ಒಂದು ಮಾತು ಹೇಳಕ್ಕೆ ನಿಂಗೇನಾಗಿತ್ತು?"

"ನಿಂಗೂ ಗೊತ್ತು ಅನ್ಕೊಂಡೆ. ನೀವು ಹೆಂಗಸ್ರು ಎಲ್ಲ ಮಾತಾಡ್ತೀರಲ್ಲ."

"ಮೊನ್ನೆ ಅಲ್ಲಿ ಹೇಳ್ಬೋದಿತ್ತಲ್ಲ? ಸಮೋಸ ಬಾಯಲ್ಲಿತ್ತಾ?"

ಕೆಲಸಕ್ಕೆ ಹೊರಟುಹೋದ. ಹೋಗಿ ಬರ್ತೀನಿ ಅನ್ನಲಿಲ್ಲ. ಬಾಗಿಲು ತೆಗೆದು, ಆ ಮಾತು ಅಂದು ಹೋಗು ಅಂತ ಡ್ರೈವ್‌ವೇ ತನಕ ಕೂಗಿದೆ. ಪಕ್ಕದ ಮನೆಯವಳು ಪೇಪರ್ ಎತ್ತಿಕೊಳ್ಳುತ್ತಾ ನಮ್ಮನ್ನೇ ನೋಡುತ್ತಿದ್ದಳು. ನೋಡಲಿ.

ಬೈಠಕ್ಕಿನ ಹೊತ್ತಿಗೆ ಕಾಕನಿ ಅಭ್ಯಾಸಬಲದಿಂದ ಮೇಜಿಗೆ ಬಂದು ಕೂತರು. ನಾನು ರೆಕಾರ್ಡರ್ ತೆಗೆಯಲಿಲ್ಲ. ಅವರಾಗಿಯೇ ಶುರು ಮಾಡಿದರು.

"ನನಗೆ ಬರಲ್ಲ ಅಂತ ಅಂದ್ಕೊಂಡ್ರು, ಅಲ್ವಾ?"

"ಅಂದ್ಕೊಂಡ್ರೆ ಅವರ ಕರ್ಮ."

"ನಾನು ಒಂದು ಸಲ ಹೇಳ್ತೀನಿ ಅಂತಿಟ್ಕೋ ಕೂರಿ. ಮುಗೀತು, ಗಾಳಿಗೆ ಹೋಯ್ತು. ಆದರೆ ಆ ಡಬ್ಬಿ ಬಿಡಲ್ಲ. ನೂರು ಮನೆಯಲ್ಲಿ ನೂರು ಸಲ ಹೇಳತ್ತೆ, ನನ್ನ ಗಂಟಲಲ್ಲೇ ಹೇಳತ್ತೆ. ಕೇಳೋಕೆ ಕೂತಿರೋರು ಯಾರು? ಮಕ್ಕಳು. ಮಕ್ಕಳಿಗೆ ಅಜ್ಜಿ ಕಲಿಸೋ ಮೊದಲ ಮಾತು ಅದಾ?"

ಟೇಪ್ ರೆಕಾರ್ಡರ್ ಬಗ್ಗೆ ನನಗೆ ಪಾಠ ಮಾಡಿದ ಮೇಷ್ಟ್ರು ಯಾರೂ ಇಷ್ಟು ಯೋಚಿಸಿರಲಿಲ್ಲ.

ಮಾರ್ಚ್ 18, ಗುರುವಾರ

ಯುಗಾದಿ. ಕಾಕನಿಗೆ ನವ್ರೇಹ್, ಅದೂ ಹೊಸ ವರ್ಷವೇ. ಬೆಳಗ್ಗೆ ಕಣ್ಣು ಬಿಡುವಾಗ ಎದುರಿಗೆ ತಟ್ಟೆ ಹಿಡಿದು ನಿಂತಿದ್ದರು: ಅಕ್ಕಿ, ಅಕ್ರೋಟು, ಮೊಸರು, ಪುಟ್ಟ ಕನ್ನಡಿ, ಒಂದು ಪೆನ್ನು. ಹೊಸ ವರ್ಷದ ಮೊದಲ ನೋಟ ಅದರ ಮೇಲೆ ಬೀಳಬೇಕಂತೆ. ಪೆನ್ನು ನನ್ನದೇ, ನೋಟ್ಸ್ ಬರೆದ ನೀಲಿ ಪೆನ್ನು. ಬೇವು ಇಲ್ಲಿ ಸಿಗುವುದಿಲ್ಲ. ಮೆಂತ್ಯ ಕಾಳಿನ ಜೊತೆ ಬೆಲ್ಲ ಕೊಟ್ಟೆ. ಮುಖ ಕಿವುಚಿ, "ನಿಮ್ಮೂರಲ್ಲಿ ವರ್ಷ ಹೀಗೆ ಶುರುವಾಗತ್ತಾ, ಪಾಪ" ಅಂದರು.

ಮಾರ್ಚ್ 23, ಮಂಗಳವಾರ

ಕ್ಯಾಸೆಟ್ಟುಗಳನ್ನು ವಾಪಸು ಕೇಳಿದೆ. ನಿಮಗೆ ಬೇಡವಾದರೆ ನಮಗೆ ಕೊಡಿ, ಮಗುವಿಗೆ ಅಜ್ಜಿಯ ಧ್ವನಿ ಇರಲಿ ಅಂದೆ. ದ್ವಾರಕಾನಾಥ ಅಂಕಲ್ ಬಹಳ ಸಮಾಧಾನವಾಗಿ ಉತ್ತರ ಕೊಟ್ಟರು. ಹದಿನಾಲ್ಕರಲ್ಲಿ ಹನ್ನೆರಡನ್ನು ಒರೆಸಿಯಾಗಿದೆ, ಅವುಗಳ ಮೇಲೆ ಶಾರಿಕಾ ಆಂಟಿಯದನ್ನು ರೆಕಾರ್ಡ್ ಮಾಡುತ್ತಿದ್ದಾರೆ. "ಒಳ್ಳೆ ಕ್ಯಾಸೆಟ್ ಬೇಟಿ, ಸುಮ್ನೆ ಯಾಕೆ ವೇಸ್ಟ್ ಮಾಡೋದು ಅಂತ."

ಫೋನ್ ಇಟ್ಟ ಮೇಲೆ ಹೇಳಬೇಕಾಗಿದ್ದೆಲ್ಲ ನೆನಪಾಯಿತು. ಅಡಿಗೆಮನೆಯಲ್ಲಿ ನಿಂತು ಕುಕ್ಕರಿಗೆ ಹೇಳಿದೆ. ಭಾಷೆ ಉಳಿಸುವ ಸಂಘ ಇದು. ಒಬ್ಬ ಮುದುಕಿಯ ಮೂರು ವಾರದ ಮಾತನ್ನು ಒರೆಸಿ ಅದರ ಮೇಲೆಯೇ ಭಾಷೆ ಉಳಿಸುತ್ತಿದ್ದಾರೆ. ಒಂಬತ್ತು ಅಕ್ರೋಟು ಮರವೂ ಹೋಯಿತು.

ಕಾಕನಿಗೆ ಹೇಗೆ ಹೇಳುವುದು ಅಂತ ಅರ್ಧ ದಿನ ಒದ್ದಾಡಿ ಹೇಳಿದೆ. ಕೈಯಲ್ಲಿದ್ದ ಸೊಪ್ಪನ್ನು ಬಿಡಿಸಿ ಮುಗಿಸಿದರು. "ಹೊಸ ಕ್ಯಾಸೆಟ್ ಇದೆಯಾ ಮನೇಲಿ?" ಅಂತ ಕೇಳಿದರು.

ಮಾರ್ಚ್ 29

ಸಂಘದ ಟೈಪು ಹಾಳೆಗಳನ್ನು ಹರಿದು ಕಸಕ್ಕೆ ಹಾಕಿದೆ. ಈಗ ನಮ್ಮದೇ ಪದ್ಧತಿ. ಭೂತಕಾಲ ಬೇಕಾದರೆ ನಿನ್ನೆಯ ಅಡಿಗೆಯ ಬಗ್ಗೆ ಕೇಳುತ್ತೇನೆ. ಭವಿಷ್ಯತ್ತಿಗೆ, ತಾನ್ಯಾ ದೊಡ್ಡವಳಾದರೆ ಏನೇನು ಮಾಡುತ್ತಾಳೆ ಅಂತ. ಆಜ್ಞಾರ್ಥಕ್ಕೆ ಏನೂ ಕೇಳಬೇಕಾಗಿಲ್ಲ, ಬೆಳಗಿನಿಂದ ಸಂಜೆಯವರೆಗೆ ನನಗೆ ಅದನ್ನೇ ಹೇಳುತ್ತಿರುತ್ತಾರೆ. ನಿಷೇಧಾರ್ಥಕ್ಕೆ ಹುಳಿ ಒಂದು ಸಾಕು.

ಏಪ್ರಿಲ್ 6, ಮಂಗಳವಾರ

ಮನೋಹರ್ ಹೀಟರನ್ನು ಎಪ್ಪತ್ತಕ್ಕೆ ಇಳಿಸಿದ್ದ. ಏನಂದುಕೊಂಡಿದ್ದಾನೆ? ಕಾಕನಿಯ ಕೈಬೆರಳು ನೀಲಿಯಾಗಿದ್ದವು. ಎಪ್ಪತ್ತೆಂಟು ಮಾಡಿ, ಇನ್ನು ಇದನ್ನು ಮುಟ್ಟಬೇಡ ಅಂದೆ.

"ನೀವಿಬ್ರೂ ಹಿಂದಿ ಬಿಟ್ಟಿದ್ ಯಾವಾಗಿಂದ?" ಅಂತ ಕೇಳಿದ. ಮಾತು ತಪ್ಪಿಸುವುದಕ್ಕೆ ಏನಾದರೂ ಒಂದು ಹೇಳುತ್ತಾನೆ.

ಏಪ್ರಿಲ್ 13

ಮೈಸೂರಿನಿಂದ ಅಮ್ಮ ಫೋನ್ ಮಾಡಿದ್ದಳು. ಮಗುವಿಗೆ ಕನ್ನಡ ಕಲಿಸುವುದು ಬಿಟ್ಟು ಅದೇನು ಅತ್ತೆ ಭಾಷೆ ಹಿಡಿದು ಕೂತಿದ್ದೀಯಾ ಅಂದಳು. ಅಮ್ಮನ ಮೇಲೂ ರೇಗಿದೆ. ಕನ್ನಡಕ್ಕೆ ನಾನಿದ್ದೇನೆ, ಮೈಸೂರು ಇದೆ, ಬಸ್ಸಿನ ಬೋರ್ಡಿದೆ. ಇದಕ್ಕೆ ಈ ಮನೆಯಲ್ಲಿ ಇನ್ನು ನಾಲ್ಕು ವಾರ ಇದೆ. ಜೋರಾಗಿ ಮಾತಾಡಿದೆ ಅಂತ ಆಮೇಲೆ ಬೇಜಾರಾಯಿತು. ಕಾಕನಿ ಪಕ್ಕದ ಕೋಣೆಯಿಂದ, ಅಮ್ಮನ ಹತ್ತಿರ ಹಾಗೆ ಮಾತಾಡಬಾರದು, ಮತ್ತೆ ಫೋನ್ ಮಾಡು ಅಂದರು. ಮಾಡಿದೆ.

ತಾನ್ಯಾ ಐದು ಗಂಟೆ ಒಂದೇ ಸಮ ಮಲಗಿದಳಂತೆ. ಮನೋಹರ್ ಹೇಳಿದ. ನನಗೆ ಗೊತ್ತಾಗಲಿಲ್ಲ.

ಏಪ್ರಿಲ್ 20, ಮಂಗಳವಾರ

ದ್ವಾರಕಾನಾಥ ಅಂಕಲ್ ಫೋನು. ಈ ಸಲ ಧ್ವನಿಯಲ್ಲಿ ಜೇನು. ಶಾರಿಕಾ ಆಂಟಿ ಅರ್ಧ ಮುಗಿಸಿ, ಮಗಳ ಹೆರಿಗೆಗೆ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾರೆ. ಪ್ರೆಸ್ಸಿಗೆ ಕೊಟ್ಟ ಮಾತು ಮೇ ಹತ್ತು. ಕಾಕನಿಯೇ ಎಲ್ಲವನ್ನೂ ಹೇಳಲಿ. ಇಡೀ ಪುಸ್ತಕ ಅವರ ಧ್ವನಿಯಲ್ಲೇ ಬರುತ್ತದೆ. ಮೊದಲ ಪುಟದಲ್ಲಿ ಇಬ್ಬರ ಹೆಸರು: ಹೇಳಿದವರು, ಬರೆದವರು. ಶಿಕಾಗೋ, ಡೆಟ್ರಾಯಿಟ್, ಎಲ್ಲ ಕಡೆ ಮಕ್ಕಳು ಕೇಳುತ್ತಾರೆ.

"ಆ ಹನ್ನೊಂದೂ ಇರ್ಬೇಕು ಬೇಟಿ. ಟೇಬಲ್ ಪೂರ್ತಿ ಇರ್ಬೇಕು. ಎರಡು ನಿಮಿಷದ ಕೆಲಸ. ನೀನು ಹೇಳಿದ್ರೆ ಕೇಳ್ತಾರೆ, ನಿನ್ ಮೇಲೆ ಅವರಿಗೆ ಪ್ರೀತಿ."

"ಬೇರೆ ಕ್ರಿಯಾಪದ ಹಾಕೋಣ ಅಂಕಲ್. ಕೊಡು, ಕಟ್ಟು, ನೆಡು. ಅವೂ ಹಾಗೇ ನಡೀತವೆ."

"ಕಮಿಟಿ ಪಾಸ್ ಮಾಡಿರೋ ಹಾಳೆ ಅದು. ಬದಲಾಯಿಸೋಕೆ ಆಗಲ್ಲ."

ಯೋಚಿಸಿ ಹೇಳುತ್ತೇನೆ ಅಂದೆ. ಯಾಕೆ ಹಾಗಂದೆನೋ. ಇಲ್ಲಿಗೆ ಬಂದು ಮೂರು ವರ್ಷವಾಯಿತು, ಕೆಲಸ ಮಾಡುವ ಹಾಗಿಲ್ಲದ ವೀಸಾ, ನನ್ನ ಹೆಸರು ಬರುವುದು ಜಂಕ್ ಮೇಲಿನಲ್ಲಿ ಮಾತ್ರ, ಅದೂ ತಪ್ಪು ಸ್ಪೆಲ್ಲಿಂಗ್‌ನಲ್ಲಿ. ಒಂದು ಪುಸ್ತಕದ ಮೊದಲ ಪುಟದಲ್ಲಿ ಇದ್ದರೆ ಹೇಗಿರುತ್ತದೆ ಅಂತ ಮಧ್ಯಾಹ್ನವೆಲ್ಲ ನೋಡಿಕೊಂಡೆ. ಕಾಕನಿಗೆ ಹೇಳಲಿಲ್ಲ.

ಏಪ್ರಿಲ್ 24, ಶನಿವಾರ

ಅಂಕಲ್ ಫೋನಿನ ವಿಷಯ ಮನೋಹರ್ ಕಾಕನಿಗೆ ಹೇಳಿಬಿಟ್ಟಿದ್ದಾನೆ. ಅವನಿಗೆ ಬಾಯಿ ಮುಚ್ಚಿಕೊಂಡಿರಬೇಕಾದಾಗ ಮಾತು, ಮಾತಾಡಬೇಕಾದಾಗ ಸಮೋಸ.

ಬೆಳಗ್ಗೆ ಎದ್ದಾಗ ಕಾಕನಿ ಸ್ನಾನ ಮಾಡಿ, ಅವತ್ತಿನ ಶಾಲು ಹೊದ್ದು, ಮೇಜಿನ ಎದುರು ಕೂತಿದ್ದರು. ಕೈಯಲ್ಲಿ ಸೊಪ್ಪಿಲ್ಲ. ಮಗುವನ್ನು ಟೋಪಿ, ಸಾಕ್ಸ್, ಕಂಬಳಿಯಲ್ಲಿ ಸುತ್ತಿ ಮನೋಹರನ ಕೈಗೆ ಕೊಟ್ಟರು.

"ಇವಳನ್ನ ಕಾರಲ್ಲಿ ದೂರ ಕರ್ಕೊಂಡ್ ಹೋಗು. ಒಂದು ಗಂಟೆ ಈ ಕಡೆ ಬರಬೇಡ."

ಅವನು ನನ್ನ ಮುಖ ನೋಡಿದ. ನಾನು ಅವರ ಮುಖ. ಕಾರು ಹೋಯಿತು.

"ಡಬ್ಬಿ ಹಚ್ಚು ಕೂರಿ. ಹನ್ನೊಂದಲ್ವಾ? ಒಂದೇ ಉಸಿರಲ್ಲಿ ಹೇಳಿಬಿಡ್ತೀನಿ. ಮಧ್ಯದಲ್ಲಿ ನಿಲ್ಲಿಸಬೇಡ, ನಿಲ್ಲಿಸಿದ್ರೆ ಮತ್ತೆ ಬರಲ್ಲ."

"ಯಾರು ಹೇಳಿದ್ರು ನಿಮಗೆ ಹೇಳ್ಬೇಕು ಅಂತ?"

"ನೀನು ಎಷ್ಟು ದಿನ ಬರೆದೆ ನಾನು ನೋಡಿದೀನಿ. ಕಣ್ಣು ಮುಚ್ಚಿಕೊಂಡು ಹೋಗ್ತಿದ್ರೂ ಬರೀತಿದ್ದೆ. ಮೊದಲನೇ ಪುಟದಲ್ಲಿ ನಿನ್ನ ಹೆಸರು ಬರತ್ತಂತೆ."

ಅವರ ಬಲಗೈ ಎಡಗೈಯನ್ನು ಹಿಡಿದುಕೊಂಡಿತ್ತು. ನಾನು ರೆಕಾರ್ಡರನ್ನು ಮೇಜಿಗೆ ತಂದೆ. ತಂದೆ ಅನ್ನುವುದನ್ನು ಇಲ್ಲಿ ಬರೆದೇ ಇಡಬೇಕು. ಕ್ಯಾಸೆಟ್ಟನ್ನೂ ಹಾಕಿದೆ. ಅವರು ಕಣ್ಣು ಮುಚ್ಚಿ, ತುಟಿ ಒದ್ದೆ ಮಾಡಿಕೊಂಡು, ಬಾಯಿ ತೆರೆದರು.

ನಾನು ಗೋಡೆಯಿಂದ ಪ್ಲಗ್ ಕಿತ್ತೆ.

ಎಷ್ಟು ಸಿಟ್ಟು ಬಂತೆಂದರೆ ಕಿವಿ ಬಿಸಿಯಾಯಿತು. ನನ್ನ ಹೆಸರಿಗೋಸ್ಕರ ಇವರು ಒಂಬತ್ತು ವರ್ಷದಿಂದ ಹಲ್ಲು ಕಚ್ಚಿ ಹಿಡಿದಿದ್ದನ್ನು ಬಿಡುತ್ತಾರಂತೆ. ಕೇಳಿದವರ್ಯಾರು ಇವರನ್ನು? ನಿಮ್ಮ ಬಾಯಿಗೆ ಅದು ಬರಕೂಡದು, ನಮ್ಮ ಮನೆಯಲ್ಲಿ ಬರಕೂಡದು, ಮಗು ಒಳಗಿದ್ದರೂ ಸರಿ ಹೊರಗಿದ್ದರೂ ಸರಿ ಅಂತ ಕೂಗಾಡಿದೆ. ಕಾಕನಿ ಕಣ್ಣು ಬಿಟ್ಟು, ಕೇಳುವಷ್ಟು ಹೊತ್ತು ಕೇಳಿ, ನನ್ನ ಮಾತಿನ ಒಂದು ಕ್ರಿಯಾಪದ ತಿದ್ದಿದರು. ಆಮೇಲೆ ಎದ್ದು ಒಲೆಯ ಕಡೆಗೆ ತಿರುಗಿ ನಿಂತು ಬಹಳ ಹೊತ್ತು ಚಹಾ ಮಾಡಿದರು. ಬೆನ್ನು ಅಲುಗಾಡುತ್ತಿತ್ತು. ನಾನು ನೋಡಲಿಲ್ಲ ಅನ್ನುವ ಹಾಗೆ ಕೂತಿದ್ದೆ.

ಸರಿಯಾಗಿ ಒಂದು ಗಂಟೆಗೆ ಮನೋಹರ್ ಬಂದ. "ಆಯ್ತಾ?"

"ಆಯ್ತು."

ಏಪ್ರಿಲ್ 26, ಸೋಮವಾರ

ಅಂಕಲ್‌ಗೆ ನಾನೇ ಫೋನ್ ಮಾಡಿದೆ.

"ನಮ್ಮನೇಲಿ ಆ ಹನ್ನೊಂದು ವಾಕ್ಯ ಇಲ್ಲ ಅಂಕಲ್."

"ಇಲ್ಲ ಅಂದ್ರೆ? ಬರಲ್ಲ ಅಂತಲೋ, ಹೇಳಲ್ಲ ಅಂತಲೋ?"

"ಇಲ್ಲ ಅಂತ."

ಶಾರಿಕಾ ಜೂನಿನಲ್ಲಿ ಬರುತ್ತಾಳೆ, ಕಾಯುತ್ತೇವೆ, ಆಮೇಲೆ ನೀನು ಬರೆದುಕೊಂಡ ಹೊಸ ನೋಟ್ಸ್ ಇದೆಯಂತಲ್ಲ, ಅದನ್ನಾದರೂ ಕಳಿಸು ಅಂದರು. ನೋಟ್ಸು ಕನ್ನಡ ಲಿಪಿಯಲ್ಲಿದೆ ಅಂದೆ. ದೇವನಾಗರಿಗೆ ಇಳಿಸಿ ಕಳಿಸು ಅಂದರು. ನಾನು ಫ್ರೀ ಇಲ್ಲ ಅಂದೆ.

ಮೇ 4, ಮಂಗಳವಾರ

ಇಪ್ಪತ್ತೊಂದನೇ ಕ್ಯಾಸೆಟ್ಟು. ಇವತ್ತು ಅವರೂರಿನ ಚಹಾದ ಬಗ್ಗೆ, ಅದಕ್ಕೆ ಉಪ್ಪು ಹಾಕುವುದು. ಆಮೇಲೆ ಮನೋಹರ್ ಚಿಕ್ಕವನಿದ್ದಾಗ ಮಾಡಿದ ಕಳ್ಳತನಗಳು. ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು, ಹಾಗಲ್ಲ ಅದು, ಅಂತ ಕಾಶ್ಮೀರಿಯಲ್ಲಿ ಜಗಳಕ್ಕೆ ಬಂದ. ಅವನ ಧ್ವನಿಯೂ ಟೇಪಿನಲ್ಲಿ ಸೇರಿಹೋಯಿತು. ಒರೆಸಲಿಲ್ಲ.

ಮೇ 13, ಗುರುವಾರ

ನಿನ್ನೆ ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ಗೇಟಿನವರೆಗೂ ಜೊತೆಗೆ ಹೋದೆವು. ವ್ಹೀಲ್‌ಚೇರ್ ಬೇಡ ಅಂದು ನಡೆದೇ ಬಂದರು. ಹತ್ತುವ ಸಾಲಿನಲ್ಲಿ ನಿಂತು ಮಗುವಿನ ಕಾಲು ಹಿಡಿದು ಹರಸಿದರು. ನಾನು ವಾರದಿಂದ ಒಂದು ಮಾತನ್ನು ಕಾಶ್ಮೀರಿಯಲ್ಲಿ ಮನಸ್ಸಿನೊಳಗೆ ಜೋಡಿಸಿ ಇಟ್ಟುಕೊಂಡಿದ್ದೆ: ತಾನ್ಯಾ ಓಡಾಡುವ ಹೊತ್ತಿಗೆ ನೀವು ಬರಬೇಕು, ಅವಳು ನಿಮ್ಮ ಹಿಂದೆ ಓಡಬೇಕು, ನಾನು ನಿಮ್ಮಿಬ್ಬರ ಹಿಂದೆ. ಹೇಳಿದೆ.

"ಹಾಗಲ್ಲ" ಅಂದರು ಕಾಕನಿ. "ಮತ್ತೆ ಹೇಳು."

ಹೇಳಿದೆ. ತಲೆ ಅಲ್ಲಾಡಿಸಿದರು. ಟಿಕೆಟ್ ನೋಡುವವಳು, "ಮ್ಯಾಮ್, ಬೋರ್ಡಿಂಗ್ ಪಾಸ್ ಪ್ಲೀಸ್" ಅಂದಳು. ಹಿಂದೆ ಮೂವತ್ತು ಜನ. ಒಬ್ಬ ಗಡಿಯಾರ ನೋಡಿಕೊಂಡ. ಆ ಹೆಂಗಸಿಗೆ ಏನು ಅವಸರವೋ, ಮತ್ತೆ ಮ್ಯಾಮ್ ಅಂದಳು. ಅವಳ ಕಡೆ ತಿರುಗಿ, ಒಂದು ನಿಮಿಷ ತಡಿ ಅಂದೆ. ಯಾವ ಭಾಷೆಯಲ್ಲಿ ಅಂದೆನೋ, ಅವಳು ಕಣ್ಣು ಕಣ್ಣು ಬಿಟ್ಟಳು, ಮನೋಹರ್ ನಕ್ಕುಬಿಟ್ಟ.

ಕಾಕನಿ ಬೋರ್ಡಿಂಗ್ ಪಾಸನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಇದ್ದರು. ಮೂರನೇ ಸಲವೂ ಹಾಗಲ್ಲ ಅಂದರು. ನಾಲ್ಕನೇ ಸಲ ನಾನು ನಿಧಾನವಾಗಿ, ಒಂದೊಂದೇ ಪದ, ಅವರ ಬಾಯಿಯನ್ನೇ ನೋಡುತ್ತಾ ಹೇಳಿದೆ.

"ಹ್ಞಾಂ" ಅಂದರು. ಪಾಸನ್ನು ಅವಳ ಕೈಗೆ ಕೊಟ್ಟರು.